ಗಿಳಿ ಯಾರ ಜೊತೆ ಮಾತಾಡುತ್ತಿದೆ?

ದಾವಣಗೆರೆಯ ಹಳೆಯ ಓಣಿಗಳ ಪಡಸಾಲೆಯಲ್ಲಿ ಗಿಳಿಯ ಪಂಜರ ತೂಗುವುದು ಹೊಸ ಸಂಗತಿಯೇನಲ್ಲ. ಆ ಪಂಜರದ ಎದುರು ಮೊಬೈಲ್ ಹಿಡಿದು ನಿಲ್ಲುವುದು ಮಾತ್ರ ಈಚಿನದು. "ಬರ್ರಿ, ಕುಂದ್ರಿ" ಎಂದು ಬಂದವರನ್ನು ಕರೆಯುವ, ಕುಕ್ಕರಿನ ಸೀಟಿಯನ್ನು ಹಾಗೆಯೇ ಒಪ್ಪಿಸುವ, ಮನೆಯ ಹುಡುಗನ ಹೆಸರು ಕೂಗಿ ಅವನನ್ನೇ ಗದರುವ ಗಿಳಿಯ ಅರ್ಧ ನಿಮಿಷದ ರೀಲ್ಸ್ ನೋಡನೋಡುತ್ತಲೇ ಊರೆಲ್ಲ ಸುತ್ತಿ ಬರುತ್ತದೆ. ಅದನ್ನು ನೋಡಿದವರಲ್ಲಿ ಕೆಲವರಾದರೂ ಮುಂದೆ ಕೇಳುವ ಪ್ರಶ್ನೆ, "ಇಂಥಾ ಮರಿ ಎಲ್ಲಿ ಸಿಗ್ತದೆ, ಎಷ್ಟಕ್ಕೆ?" ಎಂಬುದು. ನಮ್ಮ ಹೊಲ-ತೋಪುಗಳ ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು ಮೂರೂ ಅಪರಾಧ ಎಂಬುದು ಹಲವರಿಗೆ ಗೊತ್ತಿಲ್ಲ. ಗೊತ್ತಿರುವವರಲ್ಲೂ ಹೆಚ್ಚಿನವರು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಪ್ರಾಣಿಯೊಂದು ಮನುಷ್ಯನ ಮಾತನ್ನು ಹೇಗೆ ಅನುಕರಿಸುತ್ತದೆ ಎಂಬುದನ್ನು ವಿಜ್ಞಾನದ ಪುಟದಲ್ಲಿಯೂ, ಗಿಳಿ ಸಾಕಿದವರ ಮೇಲೆ ಮೊಕದ್ದಮೆ ಆದದ್ದನ್ನು ಅಪರಾಧ ಸುದ್ದಿಯ ಪುಟದಲ್ಲಿಯೂ ಓದುವುದು ನಮಗೆ ರೂಢಿ. ಆದರೆ ಮೊದಲನೆಯದನ್ನು ಸರಿಯಾಗಿ ತಿಳಿದುಕೊಂಡರೆ ಎರಡನೆಯದರ ಬಗೆಗಿನ ವಾದಗಳಲ್ಲಿ ಅರ್ಧದಷ್ಟು ತಾವಾಗಿಯೇ ಕಳಚಿಬೀಳುತ್ತವೆ. ಮನುಷ್ಯರ ಮಾತು ಕಲಿತವೆಂದು ದಾಖಲಾಗಿರುವ ಪ್ರಾಣಿಗಳ ಕಥೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ, ಅವುಗಳಲ್ಲಿ ಹೆಚ್ಚಿನವು ತಮ್ಮದೇ ಜಾತಿಯ ಸಹವಾಸ ತಪ್ಪಿಹೋದ ಪ್ರಾಣಿಗಳು ಎಂಬುದು ಎದ್ದು ಕಾಣುತ್ತದೆ. ಪಂಜರದ ಗಿಳಿಯ ಮಾತನ್ನು ಕೇಳಬೇಕಾದದ್ದು ಈ ಹಿನ್ನೆಲೆಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಕೇಳಿದ ಧ್ವನಿಯನ್ನು ಕಲಿತು ತಿರುಗಿ ನುಡಿಯುವ ಶಕ್ತಿ ಪ್ರಾಣಿಲೋಕದಲ್ಲಿ ಬಹಳ ಅಪರೂಪ. ನಾಯಿ ನಮ್ಮ ಹತ್ತಾರು ಮಾತುಗಳನ್ನು ಗುರುತಿಸುತ್ತದೆ, ಎತ್ತು ಒಡೆಯನ ದನಿಗೆ ತಿರುಗುತ್ತದೆ. ಎರಡಕ್ಕೂ ಆ ದನಿಯನ್ನು ತಾವು ಹೊರಡಿಸಲು ಬಾರದು. ಹಕ್ಕಿಗಳಲ್ಲಿ ಗಿಳಿಗಳು, ಹಾಡುಹಕ್ಕಿಗಳು ಮತ್ತು ಹಮ್ಮಿಂಗ್‌ಬರ್ಡ್‌ಗಳು, ಸಸ್ತನಿಗಳಲ್ಲಿ ಮನುಷ್ಯನನ್ನು ಬಿಟ್ಟರೆ ತಿಮಿಂಗಿಲ ಮತ್ತು ಡಾಲ್ಫಿನ್‌ಗಳು, ಸೀಲ್‌ಗಳು, ಆನೆಗಳು ಮತ್ತು ಬಾವಲಿಗಳಲ್ಲಿ ಮಾತ್ರ ಈ ಶಕ್ತಿಗೆ ಗಟ್ಟಿಯಾದ ಸಾಕ್ಷ್ಯಗಳಿವೆ. ನಮಗೆ ಅತ್ಯಂತ ಹತ್ತಿರದ ಸಂಬಂಧಿಯಾದ ಚಿಂಪಾಂಜಿ ಈ ಪಟ್ಟಿಯಲ್ಲಿಲ್ಲ. 1940ರ ದಶಕದ ಕೊನೆಯಲ್ಲಿ ಅಮೆರಿಕದ ಕೀತ್ ಮತ್ತು ಕ್ಯಾಥರೀನ್ ಹೇಯ್ಸ್ ದಂಪತಿ ವಿಕಿ ಎಂಬ ಚಿಂಪಾಂಜಿ ಮರಿಯನ್ನು ಮನೆಯ ಮಗುವಿನಂತೆ ಬೆಳೆಸಿ, ಅದರ ತುಟಿಗಳನ್ನು ಕೈಯಿಂದ ಹಿಡಿದು ತಿದ್ದಿ, ವರ್ಷಗಟ್ಟಲೆ ಕಲಿಸಿದರೂ ಅದರ ಬಾಯಿಂದ ಹೊರಟದ್ದು 'ಮಾಮಾ', 'ಪಾಪಾ', 'ಕಪ್' ಎಂಬಂಥ ಬೆರಳೆಣಿಕೆಯ ಪದಗಳು, ಅವೂ ಉಸಿರಿನಂಥ ಗೊಗ್ಗರು ದನಿಯಲ್ಲಿ. ಗಂಟಲಿನ ರಚನೆಯೇ ಇದಕ್ಕೆ ಅಡ್ಡಿ ಎಂದು ಬಹುಕಾಲ ನಂಬಲಾಗಿತ್ತು. 2016ರಲ್ಲಿ ಟೆಕುಮ್ಸೆ ಫಿಚ್ ಮತ್ತು ಸಂಗಡಿಗರು ಕೋತಿಯ ಗಂಟಲು-ಬಾಯಿಗಳ ಚಲನೆಯನ್ನು ಎಕ್ಸ್‌ರೇ ವಿಡಿಯೊದಲ್ಲಿ ಹಿಡಿದು ಲೆಕ್ಕ ಹಾಕಿದಾಗ, ಅರ್ಥವಾಗುವಂತೆ ಮಾತಾಡುವುದಕ್ಕೆ ಆ ಗಂಟಲು ಸಾಕು, ಕೊರತೆ ಇರುವುದು ಅದನ್ನು ಆಡಿಸುವ ಮಿದುಳಿನಲ್ಲಿ ಎಂದು ಕಂಡುಬಂತು. ಗಿಳಿಯ ಮಿದುಳಿನಲ್ಲಿ ಇದಕ್ಕೆಂದೇ ನರಕೇಂದ್ರಗಳ ಜಾಲವಿದೆ. ಹಾಡುಹಕ್ಕಿಗಳಲ್ಲಿಯೂ ಇರುವ ಈ ಬಗೆಯ ಕೇಂದ್ರಗಳ ಸುತ್ತ ಗಿಳಿಗಳಲ್ಲಿ ಇನ್ನೊಂದು ಹೊರವಲಯವೂ ಬೆಳೆದಿದೆ ಎಂದು 2015ರಲ್ಲಿ ಮುಕ್ತಾ ಚಕ್ರವರ್ತಿ, ಎರಿಕ್ ಜಾರ್ವಿಸ್ ಮತ್ತಿತರರು ತೋರಿಸಿದರು; ಗಿಳಿಗಳ ಅಸಾಧಾರಣ ಅನುಕರಣಶಕ್ತಿಗೆ ಈ ಹೊರವಲಯವೇ ಕಾರಣವಿರಬಹುದು ಎಂಬುದು ಅವರ ಊಹೆ.

ದನಿ ಹುಟ್ಟುವ ಜಾಗವೂ ಬೇರೆ. ನಮ್ಮ ಧ್ವನಿಪೆಟ್ಟಿಗೆ ಗಂಟಲಿನ ಮೇಲ್ಭಾಗದಲ್ಲಿದ್ದರೆ ಹಕ್ಕಿಗಳಲ್ಲಿ ಶ್ವಾಸನಾಳದ ಬುಡದಲ್ಲಿ, ಎದೆಯೊಳಗೆ ಸಿರಿಂಕ್ಸ್ ಎಂಬ ಅಂಗವಿದೆ. ಗಿಳಿಗೆ ಅದರಲ್ಲಿ ಧ್ವನಿಯ ಮೂಲ ಒಂದೇ. ಬೆಟ್ಟದ ಮೈನಾದಂಥ ಹಾಡುಹಕ್ಕಿಗೆ ಎರಡು. ಗಿಳಿ ಈ ಕೊರತೆಯನ್ನು ತುಂಬಿಕೊಳ್ಳುವುದು ತನ್ನ ದಪ್ಪ ನಾಲಗೆಯಿಂದ. ನಾಲಗೆಯನ್ನು ಕೆಲವೇ ಮಿಲಿಮೀಟರ್ ಹಿಂದೆ ಮುಂದೆ ಸರಿಸಿದರೂ ಹೊರಬರುವ ದನಿಯ ಗುಣ ಗಣನೀಯವಾಗಿ ಬದಲಾಗುತ್ತದೆ ಎಂದು 2004ರಲ್ಲಿ ಗೇಬ್ರಿಯಲ್ ಬೆಕರ್ಸ್ ಮತ್ತು ಸಂಗಡಿಗರು ಮಾಂಕ್ ಗಿಳಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕಂಡುಕೊಂಡರು. ಅ, ಆ, ಇ, ಉಗಳನ್ನು ನಾವು ಬೇರ್ಪಡಿಸುವುದೂ ಬಹುಮಟ್ಟಿಗೆ ಇದೇ ತಂತ್ರದಿಂದ. ಆದರೆ ತುಟಿಯೇ ಇಲ್ಲದ ಹಕ್ಕಿ 'ಬಾ' ಎನ್ನುವುದು, 'ಅಮ್ಮ' ಎನ್ನುವುದು, 'ರಾಮ ರಾಮ' ಎನ್ನುವುದು ಹೇಗೆ? ಕಟ್ಟುನಿಟ್ಟಾಗಿ ಹೇಳಿದರೆ ಅದು ನಮ್ಮ ಬಕಾರ, ಮಕಾರಗಳನ್ನು ನಮ್ಮಂತೆ ಉಚ್ಚರಿಸುವುದಿಲ್ಲ; ಗಂಟಲಿನೊಳಗೇ ಬೇರೆ ಉಪಾಯದಿಂದ ಅವುಗಳಿಗೆ ಹತ್ತಿರದ ದನಿಯೊಂದನ್ನು ಹುಟ್ಟಿಸುತ್ತದೆ, ಉಳಿದದ್ದನ್ನು ನಮ್ಮ ಕಿವಿ ತುಂಬಿಕೊಳ್ಳುತ್ತದೆ. "ನಮ್ಮ ಗಿಳಿ ಹತ್ತು ಮಾತು ಆಡ್ತದೆ" ಎಂದು ಮನೆಯವರು ಹೇಳಿದಾಗ ಹೊರಗಿನವರಿಗೆ ಎರಡೋ ಮೂರೋ ಮಾತ್ರ ಕೇಳಿಸುವುದು ಇದೇ ಕಾರಣಕ್ಕೆ. ಹಸಿಮೆಣಸಿನಕಾಯಿ ತಿನ್ನಿಸಿದರೆ ಗಿಳಿಯ ನಾಲಗೆ ತಿರುಗುತ್ತದೆ ಎಂಬ ನಂಬಿಕೆಯೂ ನಮ್ಮಲ್ಲಿದೆ. ಮೆಣಸಿನ ಖಾರವನ್ನು ಗ್ರಹಿಸುವ ವ್ಯವಸ್ಥೆ ಹಕ್ಕಿಗಳಲ್ಲಿ ನಮ್ಮಂತೆ ಕೆಲಸ ಮಾಡುವುದಿಲ್ಲ. ಗಿಳಿ ಅದನ್ನು ಸುಮ್ಮನೆ ಒಂದು ಕಾಯಿಯೆಂದು ತಿನ್ನುತ್ತದೆ, ಅಷ್ಟೇ.

ದಾವಣಗೆರೆಯ ಒಂದು ಮನೆಯಲ್ಲಿ ನಾನು ನೋಡಿದ ಗಿಳಿಯೊಂದು "ಊಟ ಆತಾ?" ಎಂದು ಕೇಳುತ್ತಿತ್ತು. ಅತ್ತೆ ಅಡುಗೆಮನೆಯಿಂದ ಕೇಳುವ ರಾಗವೇ ಅದು, 'ಆತಾ' ಎಂಬಲ್ಲಿ ದನಿ ತುಸು ಮೇಲಕ್ಕೇರುವುದೂ ಸೇರಿದಂತೆ. ಆಮೇಲೆ ಅರೆಗಳಿಗೆ ಸುಮ್ಮನಿದ್ದು, ದನಿಯನ್ನು ಇಳಿಸಿ, "ಹ್ಞೂಂ, ಆತು" ಎಂದು ತಾನೇ ಉತ್ತರ ಕೊಡುತ್ತಿತ್ತು. ಅದು ಸೊಸೆಯ ದನಿ. ನಡುವೆ ಸ್ಟೀಲ್ ತಟ್ಟೆ ಇಟ್ಟ ಸದ್ದೂ ಒಮ್ಮೊಮ್ಮೆ ಬರುತ್ತಿತ್ತು. ಮನೆಯವರು ಇದನ್ನು ತಮಾಷೆಯಾಗಿ ತೋರಿಸಿದರೂ, ಅನುಕರಣೆ ಎಂದರೇನೆಂದು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಆ ಗಿಳಿ ಕಲಿತದ್ದು ಊಟದ ವಿಚಾರಣೆಯನ್ನಲ್ಲ. ಮನೆಯ ಇಬ್ಬರು ಒಬ್ಬರಿಗೊಬ್ಬರು ದಿನವೂ ಕೊಟ್ಟುಕೊಳ್ಳುವ ಕರೆ ಮತ್ತು ಓಗೊಡುವಿಕೆಯನ್ನು, ಅದರ ಜೊತೆಗಿನ ಸದ್ದುಗಳ ಸಮೇತ, ಅದು ಇಡಿಯಾಗಿ ಎತ್ತಿಕೊಂಡಿತ್ತು.

ಕರೆ ಮತ್ತು ಓಗೊಡುವಿಕೆಯೇ ಗಿಳಿಗಳ ಲೋಕದ ತಳಹದಿ. ಕಾಡಿನಲ್ಲಿರುವ ನಮ್ಮ ಗಿಳಿ, ಗಂಡಿನ ಕೊರಳಲ್ಲಿ ಗುಲಾಬಿ-ಕಪ್ಪು ಪಟ್ಟಿಯಿರುವ ಆ ಹಸಿರು ಹಕ್ಕಿ, ಮನುಷ್ಯರ ಮಾತನ್ನು ಅನುಕರಿಸುವುದಿಲ್ಲ. ಊರ ಪಕ್ಕದ ಹುಣಸೆ ತೋಪಿನಲ್ಲಿ ನೂರಾರು ಗಿಳಿಗಳು ಸಂಜೆ ಬಂದು ಕೂರುತ್ತವೆ, ವರ್ಷವಿಡೀ ನಮ್ಮ ಮಾತು ಅವುಗಳ ಕಿವಿಗೆ ಬೀಳುತ್ತದೆ. ಆದರೂ ಅವುಗಳಲ್ಲೊಂದು "ಬರ್ರಿ" ಎಂದದ್ದನ್ನು ಯಾರೂ ಕೇಳಿಲ್ಲ. ಹಾಗಿದ್ದರೆ ಈ ಶಕ್ತಿ ಅವುಗಳಿಗೆ ಏಕೆ ಬೇಕಾಗಿತ್ತು? ಉತ್ತರ ಅವುಗಳ ಗುಂಪಿನೊಳಗಿದೆ. ಸಾಕುಹಕ್ಕಿಯಾಗಿ ಎಲ್ಲೆಡೆ ಕಾಣುವ ಬಜರಿಗಾರ್, ಅಂದರೆ ನಮ್ಮವರು 'ಲವ್ ಬರ್ಡ್ಸ್' ಎಂದೇ ಕರೆಯುವ ಪುಟ್ಟ ಆಸ್ಟ್ರೇಲಿಯನ್ ಗಿಳಿಗಳಲ್ಲಿ, ಪರಿಚಯವಿಲ್ಲದ ಗಂಡುಗಳನ್ನು ಒಂದೆಡೆ ಬಿಟ್ಟರೆ ಕೆಲವೇ ವಾರಗಳಲ್ಲಿ ಅವುಗಳ ಕರೆಗಳು ಒಂದರಂತೆ ಇನ್ನೊಂದು ಆಗುತ್ತವೆ ಎಂದು 1994ರ ಅಧ್ಯಯನವೊಂದು ತೋರಿಸಿತ್ತು. ಜೋಡಿಯಾದ ಮೇಲೆ ಗಂಡು ತನ್ನ ಹೆಣ್ಣಿನ ಕರೆಯನ್ನು ಕಲಿಯುತ್ತದೆ ಎಂದು 2000ದಲ್ಲಿ ಇನ್ನೊಂದು ಅಧ್ಯಯನ ಹೇಳಿತು. ವೆನೆಜುವೆಲಾದ ಪುಟ್ಟ ಗಿಳಿಗಳ ಗೂಡುಗಳಲ್ಲಿ ಕಾರ್ಲ್ ಬರ್ಗ್ ಮತ್ತು ಸಂಗಡಿಗರು ಕ್ಯಾಮೆರಾ ಇಟ್ಟು, ಕೆಲವು ಗೂಡುಗಳ ಮೊಟ್ಟೆಗಳನ್ನು ಅದಲುಬದಲು ಮಾಡಿ ಪರೀಕ್ಷಿಸಿದಾಗ, ಮರಿಗಳು ತಮ್ಮ ಗುರುತಿನ ಕರೆಯನ್ನು ಹೆತ್ತವರಿಂದಲ್ಲ, ಸಾಕಿದವರಿಂದ ಪಡೆಯುತ್ತವೆ ಎಂದು ಗೊತ್ತಾಯಿತು. ಹೆಸರಿಡುವ ಶಾಸ್ತ್ರ ನಮ್ಮಲ್ಲಷ್ಟೇ ಇಲ್ಲ ಎಂದಾಯಿತು. ಬೇರೆಯವರ ದನಿಯನ್ನು ಕಲಿಯುವುದು ಗಿಳಿಗೆ ಗುಂಪಿಗೆ ಸೇರಿಕೊಳ್ಳುವ, ಜೊತೆಯನ್ನು ಕಾಪಾಡಿಕೊಳ್ಳುವ ದಾರಿ. ಗುಂಪೇ ಇಲ್ಲದ ಮರಿಗೆ ಪಡಸಾಲೆಯಲ್ಲಿ ಓಡಾಡುವ ಮನುಷ್ಯರೇ ಗುಂಪು, ಅವರ ಮಾತೇ ಗುರುತಿನ ಕರೆ.

ಬೆಟ್ಟದ ಮೈನಾ ಇದಕ್ಕೆ ಇನ್ನೂ ಖಚಿತವಾದ ಸಾಕ್ಷಿ. ಪಂಜರದಲ್ಲಿ ಗಿಳಿಗಿಂತಲೂ ಸ್ಪಷ್ಟವಾಗಿ ಮನುಷ್ಯರ ದನಿಯನ್ನು ಒಪ್ಪಿಸುವ ಈ ಹಕ್ಕಿ, ಕಾಡಿನಲ್ಲಿ ಬೇರೆ ಯಾವ ಜಾತಿಯ ಹಕ್ಕಿಯನ್ನೂ ಅನುಕರಿಸುವುದಿಲ್ಲವೆಂದು ಅಸ್ಸಾಮಿನಲ್ಲಿ ಅಧ್ಯಯನ ನಡೆಸಿದ ಬ್ರಯಾನ್ ಬರ್ಟ್ರಮ್ 1970ರಲ್ಲಿ ವರದಿ ಮಾಡಿದರು. ಅದು ಕಲಿಯುವುದು ತನ್ನ ಅಕ್ಕಪಕ್ಕದ ಮೈನಾಗಳಿಂದ, ಅದರಲ್ಲೂ ಗಂಡು ಗಂಡಿನಿಂದ, ಹೆಣ್ಣು ಹೆಣ್ಣಿನಿಂದ. ಹಾಗೆಂದು ಕಾಡಿನಲ್ಲಿ ಪರಜಾತಿಯ ಅನುಕರಣೆಯೇ ಇಲ್ಲ ಎನ್ನುವಂತಿಲ್ಲ. ಮಲೆನಾಡಿನ ಭೀಮರಾಜ ಹಕ್ಕಿ ಹತ್ತಾರು ಹಕ್ಕಿಗಳ ಕೂಗನ್ನು ಬೆರೆಸಿ ಕೂಗುತ್ತದೆ. ಅದರ ಆಫ್ರಿಕಾದ ದಾಯಾದಿಯೊಂದು ಕಲಹಾರಿ ಮರುಭೂಮಿಯಲ್ಲಿ ಮುಂಗುಸಿ ಜಾತಿಯ ಮೀರ್‌ಕ್ಯಾಟ್‌ಗಳ ಅಪಾಯದ ಕೂಗನ್ನು ಕೂಗಿ, ಅವು ಬೆದರಿ ಓಡಿದಾಗ ಬಿಟ್ಟುಹೋದ ಹುಳುವನ್ನು ಎತ್ತಿಕೊಳ್ಳುತ್ತದೆ. ತನ್ನ ಆಹಾರದ ಶೇ 23ರಷ್ಟನ್ನು ಅದು ಹೀಗೆ ಕದ್ದೇ ಸಂಪಾದಿಸುತ್ತದೆಂದು ಟಾಮ್ ಫ್ಲವರ್ ಲೆಕ್ಕ ಹಾಕಿದ್ದಾರೆ. ಆದರೆ ಅಲ್ಲಿ ಹೊಟ್ಟೆಪಾಡಿನ ಲೆಕ್ಕಾಚಾರವಿದೆ. ಪಂಜರದ ಗಿಳಿಯ ಅನುಕರಣೆ ಆ ಜಾತಿಯದ್ದಲ್ಲ.

ಹಕ್ಕಿಗಳ ಆಚೆ ನೋಡಿದರೂ ಇದೇ ಚಿತ್ರ ಕಾಣುತ್ತದೆ. ಅಮೆರಿಕದ ಮೇನ್ ರಾಜ್ಯದ ಕಡಲತೀರದಲ್ಲಿ 1971ರಲ್ಲಿ ತಾಯಿಯನ್ನು ಕಳೆದುಕೊಂಡ ಸೀಲ್ ಮರಿಯೊಂದು ಮೀನುಗಾರನೊಬ್ಬನಿಗೆ ಸಿಕ್ಕಿತು. ಅವನ ಮನೆಯ ಸ್ನಾನದ ತೊಟ್ಟಿಯಲ್ಲಿ ಬೆಳೆದು, ಆಮೇಲೆ ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಅಕ್ವೇರಿಯಂ ಸೇರಿದ ಹೂವರ್ ಎಂಬ ಆ ಸೀಲ್, ದೊಡ್ಡದಾದ ಮೇಲೆ "ಹಲೋ ದೇರ್", "ಕಮ್ ಓವರ್ ಹಿಯರ್" ಎಂದು ಗೊಗ್ಗರು ಗಂಡುದನಿಯಲ್ಲಿ, ಆ ಸೀಮೆಯ ಮೀನುಗಾರರ ಉಚ್ಚಾರದಲ್ಲಿಯೇ ಪ್ರೇಕ್ಷಕರನ್ನು ಕರೆಯತೊಡಗಿತು; 1985ರಲ್ಲಿ ಸಾಯುವವರೆಗೂ ಅದನ್ನು ಕೇಳಲೆಂದೇ ಜನ ಬರುತ್ತಿದ್ದರು. ಆಸ್ಟ್ರೇಲಿಯಾದ ಟಿಡ್ಬಿನ್‌ಬಿಲ್ಲಾ ಪ್ರಾಣಿಧಾಮದಲ್ಲಿ ಮೊಟ್ಟೆಯೊಡೆದ ದಿನದಿಂದ ಮನುಷ್ಯರ ಕೈಯಲ್ಲೇ ಬೆಳೆದ ರಿಪ್ಪರ್ ಎಂಬ ಬಾತುಕೋಳಿ "ಯೂ ಬ್ಲಡಿ ಫೂಲ್" ಎಂದು ಬೈಯುವುದನ್ನು ಪೀಟರ್ ಫುಲ್ಲಗರ್ 1987ರಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ಬಾತುಕೋಳಿಗೆ ಧ್ವನಿ ಕಲಿಯುವ ಶಕ್ತಿಯಿದೆಯೆಂದು ಯಾರೂ ಎಣಿಸಿರಲಿಲ್ಲವಾದ್ದರಿಂದ ಆ ಧ್ವನಿಮುದ್ರಣ ಮೂಲೆ ಸೇರಿ, ಕಾರೆಲ್ ಟೆನ್ ಕಾಟೆ ಎಂಬ ಡಚ್ ವಿಜ್ಞಾನಿ 2021ರಲ್ಲಿ ಅದನ್ನು ವಿಶ್ಲೇಷಿಸಿ ಪ್ರಕಟಿಸುವವರೆಗೆ ಹೆಚ್ಚಿನವರ ಗಮನಕ್ಕೇ ಬರಲಿಲ್ಲ. ಆ ಬಾತುಕೋಳಿಯ ಹತ್ತಿರ ಯಾರು ಆ ಬೈಗುಳವನ್ನು ಅಷ್ಟು ಸಲ ಆಡಿದರೋ!

ಎಲ್ಲಕ್ಕಿಂತ ಹೆಚ್ಚು ಹೊತ್ತು ಯೋಚಿಸುವಂತೆ ಮಾಡುವುದು ದಕ್ಷಿಣ ಕೊರಿಯಾದ ಎವರ್‌ಲ್ಯಾಂಡ್ ಮೃಗಾಲಯದ ಕೋಶಿಕ್ ಎಂಬ ಏಷ್ಯಾದ ಆನೆ. ಅದು 'ನಮಸ್ಕಾರ', 'ಕೂತುಕೋ', 'ಬೇಡ', 'ಮಲಗು', 'ಒಳ್ಳೇದು' ಎಂಬರ್ಥದ ಐದು ಕೊರಿಯನ್ ಪದಗಳನ್ನು ಆಡುತ್ತದೆ. ಆನೆಯ ಸಹಜ ಘೀಳು ಎಲ್ಲಿ, ಮನುಷ್ಯರ ದನಿಯ ಮಟ್ಟ ಎಲ್ಲಿ! ಆ ಅಂತರವನ್ನು ದಾಟಲು ಕೋಶಿಕ್ ಸೊಂಡಿಲಿನ ತುದಿಯನ್ನು ಬಾಯೊಳಗೆ ಹಾಕಿ, ಅದರಿಂದ ಬಾಯಿಯ ಒಳಜಾಗದ ಆಕಾರವನ್ನೇ ಬದಲಿಸಿ, ತನ್ನ ಮಾವುತರ ದನಿಯ ಮಟ್ಟಕ್ಕೆ ಇಳಿಯುತ್ತದೆ. ಏಂಜೆಲಾ ಸ್ಟೋಗರ್ ಮತ್ತು ಸಂಗಡಿಗರು ಆ ಧ್ವನಿಮುದ್ರಣಗಳನ್ನು 16 ಮಂದಿ ಕೊರಿಯನ್ ಭಾಷಿಕರಿಗೆ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿದಾಗ ಸ್ವರಗಳು ಬಹುಮಟ್ಟಿಗೆ ಸರಿಯಾಗಿದ್ದವು, ವ್ಯಂಜನಗಳು ಹೆಚ್ಚಾಗಿ ತಪ್ಪಿದ್ದವು. 2012ರಲ್ಲಿ ಪ್ರಕಟವಾದ ಈ ಅಧ್ಯಯನ ಇನ್ನೊಂದು ಸಂಗತಿಯನ್ನೂ ದಾಖಲಿಸಿದೆ. 'ಕೂತುಕೋ' ಎಂದು ಹೇಳುವಾಗ ಯಾರಾದರೂ ಕೂರಲಿ ಎಂದು ಕೋಶಿಕ್ ನಿರೀಕ್ಷಿಸುವ ಲಕ್ಷಣವಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಸುಮಾರು ಐದು ವರ್ಷ ಆ ಮೃಗಾಲಯದಲ್ಲಿದ್ದ ಏಕೈಕ ಆನೆ ಅದು. ಆ ಅವಧಿಯಲ್ಲಿ ಅದಕ್ಕೆ ಸಹವಾಸವೆಂದಿದ್ದದ್ದು ಮನುಷ್ಯರು ಮಾತ್ರ. ಆ ಸಂಬಂಧವನ್ನು ಗಟ್ಟಿ ಮಾಡಿಕೊಳ್ಳಲೆಂದೇ ಅದು ಅವರ ದನಿಯನ್ನು ಕಲಿತಿರಬೇಕೆಂಬುದು ಸಂಶೋಧಕರ ತೀರ್ಮಾನ. ಸಕ್ರೆಬೈಲಿನ ಶಿಬಿರದಲ್ಲಿ ಮಾವುತರ ಮಾತನ್ನು ಜೀವಮಾನವಿಡೀ ಕೇಳುವ ಆನೆಗಳು ಕನ್ನಡವನ್ನಾಗಲಿ ಉರ್ದುವನ್ನಾಗಲಿ ಆಡತೊಡಗಿದ ವರದಿಯಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿ ಆನೆಗೆ ಆನೆಗಳಿವೆ.

ಈ ವಾದಕ್ಕೆ ಹೊಂದದ ಉದಾಹರಣೆಗಳೂ ಇವೆ. ಫ್ರಾನ್ಸಿನ ಆಂಟೀಬ್ಸ್‌ನ ಮರೀನ್‌ಲ್ಯಾಂಡಿನಲ್ಲಿದ್ದ ವಿಕೀ ಎಂಬ ಓರ್ಕಾ ತಿಮಿಂಗಿಲ ತನ್ನ ಬಳಗದ ನಡುವೆಯೇ ಇದ್ದು "ಹಲೋ", "ಏಮಿ", "ಒನ್ ಟೂ ತ್ರೀ" ಎಂಬ ದನಿಗಳನ್ನು ಕಲಿತದ್ದು 2018ರಲ್ಲಿ ವರದಿಯಾಯಿತು. ಅಲ್ಲಿ ನಡೆದದ್ದು ಬಹುಮಾನ ಕೊಟ್ಟು ಕಲಿಸಿದ ತರಬೇತಿ. ಕ್ಯಾಲಿಫೋರ್ನಿಯಾದಲ್ಲಿದ್ದ ನಾಕ್ ಎಂಬ ಬಿಳಿ ತಿಮಿಂಗಿಲಕ್ಕೂ ಒಡನಾಡಿಗಳಿದ್ದವು. 1984ರ ಸುಮಾರಿಗೆ ಅದು ತಾನಾಗಿಯೇ ಮನುಷ್ಯರ ಮಾತಿನ ಲಯವನ್ನು ಹೊರಡಿಸತೊಡಗಿ, ನೀರಿನಲ್ಲಿದ್ದ ಮುಳುಗುಗಾರನೊಬ್ಬ ಮೇಲೆ ಬಂದು "ನನ್ನನ್ನು ಹೊರಗೆ ಬಾ ಎಂದವರು ಯಾರು?" ಎಂದು ಕೇಳುವಂತಾಗಿತ್ತು. ಒಂಟಿತನವಿಲ್ಲದೆ ಅನುಕರಣೆಯೇ ಇಲ್ಲ ಎನ್ನುವುದು ಅತಿಯಾದೀತು. ಮನುಷ್ಯರನ್ನೇ ಮುಖ್ಯ ಒಡನಾಡಿಗಳೆಂದು ಕಾಣುವ ಸ್ಥಿತಿಗೆ ಪ್ರಾಣಿಯನ್ನು ತಂದಾಗ ಅನುಕರಣೆ ಹುಲುಸಾಗಿ ಬೆಳೆಯುತ್ತದೆ ಎಂಬುದು ಮಾತ್ರ ಹಿಂದೆ ಸರಿಯದ ಮಾತು.

ಗಿಳಿಗೆ ತಾನಾಡುವುದು ಅರ್ಥವಾಗುತ್ತದೆಯೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಶಂಕರಾಚಾರ್ಯರು ಮಂಡನಮಿಶ್ರರ ಮನೆ ಯಾವುದೆಂದು ಕೇಳಿದಾಗ, ಯಾವ ಬಾಗಿಲಲ್ಲಿ ಗಿಳಿಗಳು 'ಸ್ವತಃ ಪ್ರಮಾಣವೋ ಪರತಃ ಪ್ರಮಾಣವೋ' ಎಂದು ವಾದಿಸುತ್ತಿವೆಯೋ ಅದೇ ಮನೆ ಎಂದು ನೀರು ತರುವ ಹೆಂಗಸರು ಹೇಳಿದರಂತೆ. ಆ ಐತಿಹ್ಯವನ್ನು ಗಿಳಿಗಳ ಪಾಂಡಿತ್ಯಕ್ಕೆ ಸಾಕ್ಷಿಯಾಗಿ ಯಾರೂ ಓದಿಲ್ಲ. ಆ ಮನೆಯಲ್ಲಿ ಹಗಲಿರುಳೂ ಏನು ನಡೆಯುತ್ತಿತ್ತು ಎಂಬುದಕ್ಕೆ ಗಿಳಿಗಳು ಸಾಕ್ಷಿ. ವಿಜ್ಞಾನ ಇಲ್ಲಿ ತುಸು ಉದಾರಿ. ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಶಿಕಾಗೋದ ಸಾಕುಪ್ರಾಣಿ ಅಂಗಡಿಯೊಂದರಲ್ಲಿ ಕೊಂಡುತಂದ ಅಲೆಕ್ಸ್ ಎಂಬ ಆಫ್ರಿಕಾದ ಬೂದು ಗಿಳಿ, 2007ರಲ್ಲಿ ಸಾಯುವ ಹೊತ್ತಿಗೆ ಸುಮಾರು 50 ವಸ್ತುಗಳನ್ನು, ಏಳು ಬಣ್ಣ ಮತ್ತು ಐದು ಆಕಾರಗಳನ್ನು ಹೆಸರಿಸುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. ತಟ್ಟೆಯಲ್ಲಿ ಎರಡು ವಸ್ತುಗಳನ್ನಿಟ್ಟು ಇವೆರಡರ ನಡುವೆ ಬೇರೆ ಏನಿದೆ ಎಂದು ಕೇಳಿದರೆ ಬಣ್ಣವೋ ಆಕಾರವೋ ಎಂದು ಹೇಳುತ್ತಿತ್ತು. ಅದಕ್ಕೆ ಕಲಿಸಿದ ಕ್ರಮದಲ್ಲಿಯೇ ಗುಟ್ಟಿದೆ. ಇಬ್ಬರು ಮನುಷ್ಯರು ಗಿಳಿಯೆದುರು ಒಂದು ವಸ್ತುವಿನ ಬಗ್ಗೆ ಕೇಳಿ, ಹೇಳಿ, ಸರಿಯಾದ ಉತ್ತರಕ್ಕೆ ಆ ವಸ್ತುವನ್ನೇ ಕೊಟ್ಟು ತೋರಿಸುತ್ತಿದ್ದರು. ಗಿಳಿ ಆ ಮಾತುಕತೆಯೊಳಗೆ ತಾನೂ ಸೇರಲು ಹಾತೊರೆಯುತ್ತಿತ್ತು. ಪಂಜರದೆದುರು ನಿಂತು ಒಂದೇ ಪದವನ್ನು ನೂರು ಸಲ ಹೇಳುವ ನಮ್ಮ ಪದ್ಧತಿಗೂ ಇದಕ್ಕೂ ಅಜಗಜಾಂತರ.

ರೀಲ್ಸ್‌ಗಳನ್ನು ನೋಡುವಾಗ ಇನ್ನೊಂದು ಎಚ್ಚರ ಬೇಕು. ಬರ್ಲಿನ್‌ನ ಹ್ಯಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಇಪ್ಪತ್ತನೇ ಶತಮಾನದ ಆರಂಭದಲ್ಲಿ ದೊಡ್ಡ ಗುಲ್ಲೆದ್ದಿತ್ತು. ಪ್ರಶ್ನೆ ಕೇಳುವವರ ಮುಖ-ಮೈಗಳ ಸೂಕ್ಷ್ಮ ಚಲನೆಯನ್ನು ನೋಡಿ ಅದು ಗೊರಸು ತಟ್ಟುವುದನ್ನು ನಿಲ್ಲಿಸುತ್ತಿತ್ತೆಂದು ಆಸ್ಕರ್ ಫುಂಗ್ಸ್ಟ್ 1907ರಲ್ಲಿ ತೋರಿಸಿದರು. ಮನೆಯ ಗಿಳಿಯೂ ಯಾವ ಮಾತಿಗೆ ಜನ ನಗುತ್ತಾರೆ, ಯಾವುದಕ್ಕೆ ತಿರುಗಿ ನೋಡುತ್ತಾರೆ ಎಂಬುದನ್ನು ಚೆನ್ನಾಗಿ ಗಮನಿಸುತ್ತದೆ. ಇಂಗ್ಲೆಂಡಿನ ಲಿಂಕನ್‌ಶೈರ್ ವನ್ಯಧಾಮದಲ್ಲಿ 2020ರಲ್ಲಿ ಐದು ಬೂದು ಗಿಳಿಗಳು ಬೈಗುಳ ಆಡತೊಡಗಿ, ಸಿಬ್ಬಂದಿ ನಕ್ಕಷ್ಟೂ ಅವು ಇನ್ನಷ್ಟು ಬೈದು, ಕೊನೆಗೆ ಅವುಗಳನ್ನು ಬೇರೆ ಬೇರೆ ಗುಂಪಿಗೆ ಕಳಿಸಬೇಕಾಯಿತು. ಕ್ಯಾಮೆರಾ ಮತ್ತು ನಗು ಗಿಳಿಯ ಮಾತನ್ನು ಬೆಳೆಸುವುದೂ, ಆ ಮಾತು ಮರಿಗಳಿಗೆ ಬೇಡಿಕೆಯನ್ನು ಬೆಳೆಸುವುದೂ ಹೀಗೆಯೇ.

ಆ ಬೇಡಿಕೆ ಬಂದು ಮುಟ್ಟುವುದು ನಮ್ಮ ಸುತ್ತಲಿನ ಮರಗಳ ಪೊಟರೆಗಳಿಗೆ. ಶಿವರಾತ್ರಿಯ ಆಚೀಚೆ, ಬಿಸಿಲೇರುವ ದಿನಗಳಲ್ಲಿ ಹುಣಸೆ, ಬೇವು, ಆಲದ ಪೊಟರೆಗಳಲ್ಲಿ, ಹಳೆಯ ಗೋಡೆಗಳ ಬಿರುಕುಗಳಲ್ಲಿ ಗಿಳಿಗಳು ಮರಿ ಮಾಡುತ್ತವೆ. ಮರಿ ಎಳೆಯದಿದ್ದಷ್ಟೂ ಚೆನ್ನಾಗಿ ಮಾತು ಕಲಿಯುತ್ತದೆಂಬ ಲೆಕ್ಕದಲ್ಲಿ ರೆಕ್ಕೆ ಬಲಿಯುವ ಮೊದಲೇ ಅವುಗಳನ್ನು ತೆಗೆಯುತ್ತಾರೆ. ಹಾಲು-ಅನ್ನ ತಿನ್ನಿಸಿ ಬದುಕಿಸಲು ನೋಡುತ್ತಾರೆ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಹಕ್ಕಿಗಳಿಗಿಲ್ಲ. ಪೊಟರೆಯ ಬಾಯನ್ನು ಅಗಲಿಸಲು ಕೊಂಬೆಯನ್ನೇ ಕಡಿದುಬಿಟ್ಟರೆ ಮುಂದಿನ ವರ್ಷ ಅಲ್ಲಿ ಗಿಳಿಯೂ ಇಲ್ಲ, ಗೂಬೆಯೂ ಇಲ್ಲ, ಮೈನಾವೂ ಇಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದೇಶದ ಕಾಡುಹಕ್ಕಿಗಳ ವ್ಯಾಪಾರಕ್ಕೆ 1990ರ ದಶಕದ ಆರಂಭದಲ್ಲೇ ನಿಷೇಧ ಬಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ನಮ್ಮ ಸಾಮಾನ್ಯ ಗಿಳಿ ಈಗ ಅದರ ಸಂರಕ್ಷಿತ ಪ್ರಾಣಿಗಳ ಎರಡನೇ ಅನುಸೂಚಿಯಲ್ಲಿದೆ. ಕಾಯ್ದೆಯ ಪ್ರಕಾರ ಹಿಡಿಯುವುದೂ ಬೇಟೆಯೇ, ಗೂಡು ಕೆಡಿಸುವುದೂ ಬೇಟೆಯೇ. ಸಾಮಾನ್ಯ ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು, ಅಥವಾ ತಿದ್ದುಪಡಿಯ ನಂತರ 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿರುವ ದಂಡ, ಅಥವಾ ಎರಡೂ. ಜಾತ್ರೆಗಳಲ್ಲಿ ಕಾರ್ಡು ಎತ್ತಿಕೊಡುವ ಗಿಣಿಶಾಸ್ತ್ರದ ಗಿಳಿಗೂ ಇದೇ ಕಾನೂನು ಅನ್ವಯಿಸುತ್ತದೆ, ಅದು ಒಂದು ಮಾತನ್ನೂ ಆಡದಿದ್ದರೂ.

ಹೊರದೇಶದ ಹಕ್ಕಿಗಳ ಲೆಕ್ಕ ಬೇರೆ. ಆಫ್ರಿಕಾದ ಬೂದು ಗಿಳಿಯನ್ನು 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸಭೆ ಅತ್ಯಂತ ಬಿಗಿಯಾದ ಮೊದಲ ಪಟ್ಟಿಗೆ ಸೇರಿಸಿತು. ಅದು ಚೆನ್ನಾಗಿ ಮಾತಾಡುತ್ತದೆ ಎಂಬ ಖ್ಯಾತಿಯೇ ಅದಕ್ಕೆ ಮುಳುವಾಗಿ, ಘಾನಾದಲ್ಲಿ 1992ರಿಂದೀಚೆಗೆ ಅದರ ಸಂಖ್ಯೆ ಶೇ 90ಕ್ಕೂ ಹೆಚ್ಚು ಕುಸಿದಿತ್ತು. ಇಂಥ ಹಕ್ಕಿಗಳನ್ನು ಸಾಕಿರುವವರು 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಹಕ್ಕಿ ಮರಿ ಮಾಡಿದರೂ, ಸತ್ತರೂ, ಬೇರೆಯವರ ಕೈಗೆ ಹೋದರೂ ತಿಳಿಸಬೇಕು. ಸೈಟಿಸ್ ಪಟ್ಟಿಗಳಲ್ಲಿ ಇಲ್ಲದ ಬಜರಿಗಾರ್ ಮತ್ತು ಕಾಕಟೀಲ್‌ಗಳಿಗೆ ಈ ನೋಂದಣಿ ಬೇಡ. ಮಾತೇ ಬೇಕೆನ್ನುವವರು ಗಮನಿಸಬಹುದು: ಅತಿ ಹೆಚ್ಚು ಪದ ಕಲಿತ ಹಕ್ಕಿಯೆಂದು ಗಿನ್ನೆಸ್ ದಾಖಲೆ ಸೇರಿದ್ದು ಪಕ್ ಎಂಬ ಬಜರಿಗಾರ್, 1,728 ಪದಗಳೊಂದಿಗೆ.

ಚಳ್ಳಕೆರೆಯ ಶೇಂಗಾ, ಜಗಳೂರಿನ ಮೆಕ್ಕೆಜೋಳ, ಹಿರಿಯೂರಿನ ದಾಳಿಂಬೆ ಬೆಳೆಗಾರರ ಮುಂದೆ ಈ ಮಾತಾಡಿದರೆ ಅವರು ಸುಮ್ಮನೆ ಕೇಳಿಕೊಳ್ಳಲಾರರು. ತೆನೆ ಹಾಲು ತುಂಬುವ ಹೊತ್ತಿಗೆ ಡಬ್ಬ ಬಡಿಯುತ್ತ ಹೊಲದಲ್ಲಿ ಕೂರುವವರಿಗೆ ಗಿಳಿ ಮುದ್ದಿನ ಹಕ್ಕಿಯೇನಲ್ಲ, ಮತ್ತು ಅದು ಅಳಿವಿನಂಚಿನಲ್ಲಿಯೂ ಇಲ್ಲ. ಪಂಜರದಿಂದ ತಪ್ಪಿಸಿಕೊಂಡ ನಮ್ಮ ಗಿಳಿಯ ಸಂತತಿ ಲಂಡನ್ನಿನ ಉದ್ಯಾನಗಳಲ್ಲೂ ತುಂಬಿಕೊಂಡಿದೆ. ಅವರ ದೂರು ನ್ಯಾಯವಾದದ್ದು, ಅದಕ್ಕೆ ಬೆಳೆಹಾನಿಯ ದಾರಿಯಲ್ಲೇ ಪರಿಹಾರ ಹುಡುಕಬೇಕು. ಆದರೆ ಹೊಲಕ್ಕೆ ಬೀಳುವ ಹಿಂಡಿಗೂ ಪೊಟರೆಯಿಂದ ತೆಗೆದ ಮರಿಗೂ ಸಂಬಂಧವಿಲ್ಲ. ಮರಿ ಮಾರಿದ್ದರಿಂದ ಯಾವ ರೈತನ ತೆನೆಯೂ ಉಳಿದಿಲ್ಲ. ಮೇಲಾಗಿ ಮರಿ ಹಿಡಿಯುವವರು ಜಾತಿ ನೋಡಿ ಬಿಡುವುದಿಲ್ಲ. ಹೆಚ್ಚು ಬೆಲೆ ಸಿಗುವ, ರೆಕ್ಕೆಯ ಮೇಲೆ ಕೆಂಪು ಪಟ್ಟಿಯಿರುವ ದೊಡ್ಡ ರಾಜಗಿಳಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಈಗಾಗಲೇ ಅಪಾಯದ ಹೊಸ್ತಿಲಲ್ಲಿರುವ ಹಕ್ಕಿಗಳ ಪಟ್ಟಿಗೆ ಸೇರಿಸಿದೆ.

"ನಾವು ಮಗುವಿನಂತೆ ಸಾಕಿದ್ದೇವೆ" ಎಂಬ ಮಾತು ಬಹುತೇಕ ಪ್ರಾಮಾಣಿಕವಾದದ್ದು, ಆದ್ದರಿಂದಲೇ ಉತ್ತರಿಸಲು ಕಷ್ಟ. ಈ ಹಕ್ಕಿ ಪಂಜರದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಮಕ್ಕಳು ಶಾಲೆಗೆ, ದೊಡ್ಡವರು ಕೆಲಸಕ್ಕೆ ಹೋದ ಮೇಲೆ ಅದರ ಕರೆಗೆ ಓಗೊಡುವವರಿಲ್ಲ. ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವ ಗಿಳಿಗಳು ಪಶುವೈದ್ಯರಿಗೆ ಪರಿಚಿತ ರೋಗಿಗಳು. ಸ್ವಿಟ್ಜರ್ಲೆಂಡಿನಲ್ಲಿ ಗಿಳಿಯಂಥ ಸಂಘಜೀವಿಗಳನ್ನು ಒಂಟಿಯಾಗಿ ಸಾಕುವಂತಿಲ್ಲವೆಂದು 2008ರಿಂದ ನಿಯಮವಿದೆ. ಅಮೆರಿಕ ಮತ್ತು ಬ್ರಿಟನ್ನಿನ ಸಂಶೋಧಕರು 2023ರಲ್ಲಿ 18 ಸಾಕುಗಿಳಿಗಳಿಗೆ ಗಂಟೆ ಬಾರಿಸಿ ಬೇರೆ ಗಿಳಿಗೆ ವಿಡಿಯೊ ಕರೆ ಮಾಡುವುದನ್ನು ಕಲಿಸಿದಾಗ ಅವು ತಮಗಿಷ್ಟವಾದ ಗೆಳೆಯರನ್ನು ಆರಿಸಿಕೊಂಡು ಕರೆ ಮಾಡಿದವು. ನಮ್ಮಲ್ಲಿಯೂ ಚಲಿಸಲು ಸಾಕಷ್ಟು ಜಾಗವಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಕ್ರೌರ್ಯ. ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಹಕ್ಕಿದೆ ಎಂದು ದೆಹಲಿ ಹೈಕೋರ್ಟ್ 2015ರಲ್ಲಿ ಹೇಳಿದೆ.

ಈಗಾಗಲೇ ಮನೆಯಲ್ಲಿ ಗಿಳಿ ಇದ್ದರೆ ಪಂಜರದ ಬಾಗಿಲು ತೆರೆದು ಪುಣ್ಯ ಕಟ್ಟಿಕೊಳ್ಳಲು ಹೋಗಬಾರದು. ಮರಿಯಾಗಿದ್ದಾಗಿನಿಂದ ಮನುಷ್ಯರ ಕೈಯಲ್ಲೇ ತಿಂದ ಗಿಳಿಗೆ ಮೇವು ಹುಡುಕಲು ಬಾರದು, ಗಿಡುಗವನ್ನು ಕಂಡು ಅಡಗಲು ಬಾರದು. ಅದು ಕರೆಯುವುದೂ ನಮ್ಮ ಭಾಷೆಯಲ್ಲಿ, ಹಿಂಡಿನ ಭಾಷೆಯಲ್ಲಲ್ಲ. ಆನಗೋಡಿನಲ್ಲಿ, ಚಿತ್ರದುರ್ಗದ ಆಡುಮಲ್ಲೇಶ್ವರದಲ್ಲಿ ಕಿರು ಮೃಗಾಲಯಗಳಿವೆಯೆಂದು ಅವುಗಳ ಗೇಟಿನ ಮುಂದೆ ಪಂಜರ ಇಟ್ಟು ಬರುವುದೂ ಸರಿಯಲ್ಲ. ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ ಒಪ್ಪಿಸುವುದು ನೇರವಾದ ದಾರಿ. ಎಳೆಯ ಹಕ್ಕಿಯಾದರೆ ಬೇರೆ ಗಿಳಿಗಳ ಜೊತೆ ದೊಡ್ಡ ಪಂಜರದಲ್ಲಿರಿಸಿ, ಹಾರಾಟ ಬಲಿತ ಮೇಲೆ ಹಿಂಡಿನ ಸಮೀಪ ಬಿಡಲು ಸಾಧ್ಯವಿದೆ. ವರ್ಷಗಟ್ಟಲೆ ಮನುಷ್ಯರ ನಡುವೆ ಇದ್ದು ನಿರರ್ಗಳವಾಗಿ ಮಾತಾಡುವ ಹಕ್ಕಿಗೆ ಆ ಸಾಧ್ಯತೆ ಕಡಿಮೆ, ಅದಕ್ಕೆ ತನ್ನ ಜಾತಿಯ ಜೊತೆಯನ್ನಾದರೂ ಒದಗಿಸಬೇಕಾಗುತ್ತದೆ. ಬೇಸಿಗೆಯಲ್ಲಿ ಮರದಡಿ ಬಿದ್ದ ಮರಿ ಸಿಕ್ಕರೆ, ಗಾಯವಾಗಿಲ್ಲದಿದ್ದಲ್ಲಿ, ಮತ್ತೆ ಅದೇ ಪೊಟರೆಯೊಳಗೆ ಇಟ್ಟು ದೂರ ಸರಿಯಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಹತ್ತಿರ ಸೇರಿಸುವುದಿಲ್ಲವೆಂಬ ನಂಬಿಕೆಗೆ ಆಧಾರವಿಲ್ಲ. ಮರಿಯ ಕೂಗು ಕೇಳಿದರೆ ತಾಯಿ ಗಿಳಿ ಗುಟುಕು ಕೊಡಲು ಬರುತ್ತದೆ.